ಉಗ್ರಾಣದ ಟಬ್ಬಿನಲ್ಲಿ ಮೂರು ವಾರ

ಬೆಳಗಿನ ಐದೂವರೆ. ಮಕ್ಕಳ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ಇರುವ ಮೀನಿನ ತೊಟ್ಟಿಗೆ ಇನ್ನೂ ದೀಪ ಹಾಕಿಲ್ಲ. ನೆಲ ಒರೆಸುವ ಮೀನಕ್ಕ ಸ್ಟೂಲು ಹತ್ತಿ, ಭುಜದವರೆಗೂ ಕೈ ಇಳಿಸಿ, ತೊಟ್ಟಿಯೊಳಗಿನ ಕಲ್ಲುಗಳನ್ನು ಜರುಗಿಸುತ್ತಿದ್ದಾರೆ. ಹಳೆಯ ಮೀನು ಐದಕ್ಕೂ ಆಗಲೇ ತಿಂಡಿಯಾಗಿದೆ. ಹೊಸ ಮೀನು ಎಂಟು, ಪ್ಲಾಸ್ಟಿಕ್ ಚೀಲದಲ್ಲಿ ನೀರಿನ ಮೇಲೆ ತೇಲುತ್ತಿವೆ.

"ಕಲ್ಲು ಜರುಗಿಸಿದ್ರೆ ಹಳಬರಿಗೂ ಮನೆ ಹೊಸದು. ನನ್ ಜಾಗ, ನಿನ್ ಜಾಗ ಅಂತ ಕಚ್ಚಾಡಲ್ಲ. ಹೊಟ್ಟೆ ತುಂಬಿದ್ರೆ ಹೊಸಬರ ತಂಟೆಗೂ ಹೋಗಲ್ಲ" ಅನ್ನುತ್ತಾರೆ.

ಹೊಸ ನೀರು ಮೈಗೆ ಒಗ್ಗಲೆಂದು ಐದು ನಿಮಿಷಕ್ಕೊಮ್ಮೆ ತೊಟ್ಟಿಯ ನೀರು ಒಂದು ಲೋಟ ಚೀಲಕ್ಕೆ. ನಡುವೆ ಓಡಿಹೋಗಿ ಕಾರಿಡಾರ್ ಒರೆಸಿ ಬರುತ್ತಾರೆ. ಹೀಗೆ ಒಂದು ಗಂಟೆ. ಆಮೇಲೆ ಪುಟ್ಟ ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ಬಿಡುತ್ತಾರೆ, ಚೀಲದ ನೀರು ಮೋರಿಗೆ. ಈ ಎಂಟೂ ಅಂಗಡಿಯಿಂದ ನೇರ ಬಂದವಲ್ಲ. ಮೂರು ವಾರ ಉಗ್ರಾಣದಲ್ಲಿ, ಮಾಪು-ಪೊರಕೆಗಳ ಪಕ್ಕ, ಅವರದೇ ಟಬ್ಬಿನಲ್ಲಿದ್ದವು.

ಹನ್ನೊಂದು ವರ್ಷದ ಹಿಂದೆ ಯಾರೋ ಈ ತೊಟ್ಟಿಯನ್ನು ದಾನ ಕೊಟ್ಟರು. ಮೊದಲ ಮೀನುಗಳೆಲ್ಲ ವಾರದೊಳಗೆ ಸತ್ತವು. ಹೆಣ ಎತ್ತಿ ಹಾಕಿದ ಮೀನಕ್ಕ ಸುಮ್ಮನಿರಲಿಲ್ಲ. ರಜೆಯ ದಿನಗಳಲ್ಲಿ ಮೀನಿನಂಗಡಿಯ ಮುದುಕಪ್ಪನ ಹಿಂದೆ ಬಿದ್ದು ಕೆಲಸ ಕಲಿತರು. ಆಮೇಲೆ ತೊಟ್ಟಿ ಮೂವತ್ತೊಂದು ಮೀನಿನ ತುಂಬು ಸಂಸಾರವಾಯಿತು. ಹಾಜರಿ ಪುಸ್ತಕದಲ್ಲಿ ಮಾತ್ರ ಅವರ ಕೆಲಸ ಇಂದಿಗೂ 'ಸ್ವಚ್ಛತೆ', ಅಷ್ಟೇ.

ಎರಡು ತಿಂಗಳ ಹಿಂದೆ ದೊಡ್ಡ ಅತಿಥಿಗಳು ಬರುವವರಿದ್ದರು. ತೊಟ್ಟಿ ಕಳೆಗಟ್ಟಲಿ ಎಂದು ಆಡಳಿತಾಧಿಕಾರಿ ಅಂದೇ ಇಪ್ಪತ್ತು ಬಣ್ಣದ ಮೀನು ತರಿಸಿದರು. "ಸಾರ್, ಮೂರು ವಾರ ಟಬ್ಬಲ್ಲಿರ್ಲಿ" ಎಂದು ಮೀನಕ್ಕ ಕೈಮುಗಿದರೆ, "ಅತಿಥಿಗಳು ಮೂರು ವಾರ ಕಾಯ್ತಾರೇನಮ್ಮಾ?" ಎಂದು ನಕ್ಕರಂತೆ. ಚೀಲ ಹರಿದು ನೀರು ಸಮೇತ ಸುರಿದರು. ಫೋಟೊ ಚೆನ್ನಾಗಿಯೇ ಬಂದಿದೆ.

ಆರನೇ ದಿನ ಮೀನುಗಳ ಮೈಮೇಲೆ ಉಪ್ಪು ಚಿಮುಕಿಸಿದಂತೆ ಬಿಳಿ ಚುಕ್ಕಿ. ಮದ್ದು ಹಾಕಿದರೂ ಹೊಸ ಇಪ್ಪತ್ತೂ ಹೋದವು, ಹಳೆಯ ಇಪ್ಪತ್ತಾರೂ ಹೋದವು. ಸೋಂಕಿನ ಮಕ್ಕಳಿಗೆಂದು ಪ್ರತ್ಯೇಕ ವಾರ್ಡು ಕಟ್ಟಿಸಿದ ಆಸ್ಪತ್ರೆಯಿದು! ರೋಗ ಹರಡದಂತೆ ಹೊಸಬರನ್ನು ಬೇರೆ ಇಡಬೇಕೆಂಬುದು ಇಲ್ಲಿಯವರಿಗೆ ತಿಳಿಯದ್ದೇನಲ್ಲ, ಹೇಳಿದ್ದು ನೆಲ ಒರೆಸುವವಳು ಎಂದು ಕಿವಿಗೆ ಹಾಕಿಕೊಳ್ಳಲಿಲ್ಲ. ಇದನ್ನು ಕೇಳಿದರೆ ಯಾರಿಗಾದರೂ ಮೈ ಉರಿಯುತ್ತದೆ.

ವಾರವಾರ ಇಂಜೆಕ್ಷನ್‌ಗೆ ಬರುವ ಹುಡುಗಿಯೊಬ್ಬಳು ಮೊದಲು ಹುಡುಕುತ್ತಿದ್ದುದು ಒಂಬತ್ತು ವರ್ಷದ ಒಂದು ಕೆಂಪು ಮೀನನ್ನು. ಅದಕ್ಕೆ 'ಅಜ್ಜ' ಎಂದು ಹೆಸರಿಟ್ಟವಳೂ ಅವಳೇ.

"ಸತ್ತೋಯ್ತು ಪುಟ್ಟಿ ಅಂದೆ. ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ. 'ಅಜ್ಜಂಗೆ ಇಲ್ಲಿ ಯಾರೂ ಇಂಜೆಕ್ಷನ್ ಕೊಡ್ಲಿಲ್ವಾ' ಅಂತ ಕೇಳಿದ್ಲು." ಮೀನಕ್ಕ ಮುಖ ಆ ಕಡೆ ತಿರುಗಿಸಿ ಗಾಜು ಒರೆಸತೊಡಗುತ್ತಾರೆ.

ಗೂಬೆ ಕೂರಿಸಿದ್ದು ಯಾರ ತಲೆಗೆ? ಮೀನಕ್ಕನ ತಲೆಗೇ. 'ಕರ್ತವ್ಯದಲ್ಲಿ ನಿರ್ಲಕ್ಷ್ಯ' ಎಂದು ನೋಟಿಸು. ಜೊತೆಗೆ, ಉಗ್ರಾಣದಲ್ಲಿನ ಅನಧಿಕೃತ ಟಬ್ಬನ್ನು ತಿಂಗಳೊಳಗೆ ತೆರವು ಮಾಡಬೇಕಂತೆ. ಚೀಲ ಹರಿದವರಿಗೆ ಒಂದು ಮಾತೂ ಇಲ್ಲ. ನರ್ಸಮ್ಮಂದಿರು ಅರ್ಜಿ ಬರೆದುಕೊಟ್ಟು ಮೂರು ವಾರವಾಯಿತು, ಮೇಲಿನವರು ಕ್ಯಾರೇ ಎಂದಿಲ್ಲ.

"ನಂಗೆ ಸನ್ಮಾನ ಗಿನ್ಮಾನ ಬೇಡ. ಟಬ್ಬು ಇದ್ದಲ್ಲಿ ಇರ್ಲಿ. ಅದು ಹೋದ್ರೆ ಇವೂ ಉಳಿಯಲ್ಲ."

ಗಡುವಿಗೆ ಇನ್ನು ನಾಲ್ಕೇ ದಿನ. ನೋಟಿಸು ಎಲ್ಲಿ ಎಂದರೆ ಉಗ್ರಾಣಕ್ಕೆ ಕರೆದೊಯ್ಯುತ್ತಾರೆ. ತೊಳೆದ ಟಬ್ಬಿಗೆ ಮತ್ತೆ ನೀರು ತುಂಬಿದೆ. ಅದರ ಒಂದು ಮೂಲೆಯಡಿ ಎಂಟು ಮಡಿಕೆ ಮಡಚಿದ ಕಾಗದವೊಂದು ಕಾಣುತ್ತದೆ.

"ನೆಲ ಸಮ ಇಲ್ಲ ನೋಡಿ, ಟಬ್ಬು ಅಲ್ಲಾಡ್ತಿತ್ತು. ಈಗ ಗಟ್ಟಿಯಾಗಿ ಕೂತಿದೆ."