ಕೈಯಲ್ಲಿದ್ದ ವೈರು

ದೆವ್ವ, ಪವಾಡ ಎಂದರೆ ನನಗೆ ಮೊದಲಿನಿಂದಲೂ ನಗು. ಯಾರಾದರೂ ಅಂಥ ಕಥೆ ತೆಗೆದರೆ, "ಕರೆಂಟ್ ಎಲ್ಲಿಂದ ಬಂತು, ಅದನ್ನ ಮೊದಲು ಹೇಳ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಧಾರವಾಡದವಳು, ನಾಲಿಗೆ ಸ್ವಲ್ಪ ಚುರುಕು. ಈಗ ಕೆಲವು ವರ್ಷಗಳಿಂದ ಆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ. ಯಾಕೆ ಅಂತ ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ಬ್ಯಾಂಕಿನಲ್ಲಿರುವ ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ನಾನೂ ಅಲ್ಲಿಯ ದ್ವಾರಕಾ ನಗರ ಬಡಾವಣೆಯ ಒಂದು ಕಂಪನಿ ಸೇರಿದೆ. ಸಣ್ಣಪುಟ್ಟ ಆಸ್ಪತ್ರೆಗಳ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಕೆಲಸ. ಜಾಲದ ದಾರಿಗಳು ಕೂಡುವಲ್ಲಿ ಸ್ವಿಚ್ ಎಂಬ ಪೆಟ್ಟಿಗೆ ಇರುತ್ತದೆ. ಯಾವ ಮಾಹಿತಿ ಯಾವ ಕಡೆ ಹೋಗಬೇಕೆಂದು ಹಿಂದೆ ಅದೇ ತೀರ್ಮಾನಿಸುತ್ತಿತ್ತು. ನಮ್ಮದು ಹೊಸ ಪದ್ಧತಿ. ಯಾವ ಕಂಪನಿಯ ಸ್ವಿಚ್ ಆದರೂ ಸರಿ, ಎಲ್ಲಕ್ಕೂ ಅರ್ಥವಾಗುವ ಒಂದು ಮುಕ್ತ ಭಾಷೆಯಲ್ಲಿ ನಮ್ಮ ಆಫೀಸಿನ ಕಂಟ್ರೋಲರ್ ಆಜ್ಞೆ ಕಳಿಸುತ್ತದೆ, ಸ್ವಿಚ್ ಪಾಲಿಸುತ್ತದೆ. ಬುದ್ಧಿ ಇಲ್ಲಿ, ಕೈಕಾಲು ಅಲ್ಲಿ. ಆಜ್ಞೆ ಇಲ್ಲದಿದ್ದರೆ ಅದು ಬರೀ ಡಬ್ಬಿ.

ರಮಣ ನನ್ನ ಪಕ್ಕದ ಕುರ್ಚಿಯವನು. ತಂದೆ ಅನಕಾಪಲ್ಲಿಯವರು, ತಾಯಿ ಬಳ್ಳಾರಿಯವರು. ಕನ್ನಡ ಅವನಿಗೆ ತಾಯಿಯ ಜೊತೆ ಮತ್ತು ನನ್ನ ಜೊತೆ ಮಾತ್ರ. ಅವನ ಹೆಂಡತಿ ಚೊಚ್ಚಲ ಹೆರಿಗೆಗೆಂದು ವಿಜಯವಾಡದ ಭವಾನಿಪುರಂನಲ್ಲಿದ್ದ ತವರಿಗೆ ಹೋಗಿದ್ದಳು. ದಿನ ತುಂಬುವ ಮೊದಲೇ ಹೆಣ್ಣುಮಗು ಹುಟ್ಟಿತು. ಅಲ್ಲಿಯ ಪುಟ್ಟ ಆಸ್ಪತ್ರೆ ನಮ್ಮ ಜಾಲದಲ್ಲೇ ಇತ್ತು. ಮಕ್ಕಳ ತಜ್ಞ ವೈದ್ಯೆಯೊಬ್ಬರು ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಕೂತು, ಕ್ಯಾಮೆರಾದಲ್ಲಿ ಮಗುವನ್ನು ನೋಡುತ್ತ ಅಲ್ಲಿಯ ನರ್ಸಿಗೆ ಹೇಳಿಕೊಡುತ್ತಿದ್ದರು. ಮಗುವಿನ ಉಸಿರು ಇನ್ನೂ ಹದಕ್ಕೆ ಬಂದಿರಲಿಲ್ಲ.

ಅಂದು ಸಂಜೆ ರಮಣ ವಿಜಯವಾಡದ ರೈಲು ಹಿಡಿಯಬೇಕಿತ್ತು. ಬ್ಯಾಗು ಹೆಗಲಿಗೇರಿಸಿದವನು ಮತ್ತೆ ಕೂತ.

"ಒಂದ್ನಿಮಿಷಂ ಅಕ್ಕಾ. ಪಾಪ ಇರೋ ವಾರ್ಡಿನ ವೀಡಿಯೊಗೆ ಮೊದಲ ದಾರಿ ಕೊಟ್ಟು ಹೋಗ್ತೀನಿ. ಮಧ್ಯದಲ್ಲಿ ನಿಂತುಹೋಗಬಾರದು ಕದಾ?"

ಅಪ್ಪನಾದವನ ಆತುರ. ದಾರಿ ತೋರಿಸುವ ಹಳೆಯ ನಿಯಮಗಳನ್ನೆಲ್ಲ ಅಳಿಸು, ಹೊಸದನ್ನು ಬರೆದುಕೋ ಎಂದು ಭವಾನಿಪುರಂನ ಸ್ವಿಚ್ಚಿಗೆ ಎರಡು ಆಜ್ಞೆ ಕಳಿಸಿದ. ಮೊದಲನೆಯದು ತಲುಪಿತು. ಆದರೆ ನಮ್ಮ ಆಜ್ಞೆ ಹೋಗುವ ದಾರಿಯೂ ಆ ಹಳೆಯ ನಿಯಮಗಳಲ್ಲೇ ಒಂದು. ಅದೂ ಅಳಿಸಿಹೋಯಿತು, ಎರಡನೆಯ ಆಜ್ಞೆ ತಲುಪಲೇ ಇಲ್ಲ. ಕೂತ ಕೊಂಬೆಯನ್ನೇ ಕಡಿದದ್ದಾಯಿತು. ಕಂಟ್ರೋಲರ್ ಪರದೆಯ ಮೇಲೆ ಭವಾನಿಪುರಂನ ಹಸಿರು ಚುಕ್ಕೆ ಕೆಂಪಾಯಿತು.

"ಏನ್ ಮಾಡಿದ್ಯೋ ಮಾರಾಯಾ!" ಎಂದೆ.

ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಸೂರಿಬಾಬುವಿಗೆ ಫೋನ್ ಮಾಡುತ್ತಲೇ ಮೆಟ್ಟಿಲು ಹತ್ತಿದೆ. ಹೊರಗಿನಿಂದ ಬರುವ ನೀಲಿ ವೈರನ್ನು ಹೊಸ ಸ್ವಿಚ್ಚಿನಿಂದ ಕಿತ್ತು, ಪಕ್ಕದಲ್ಲಿರುವ, ನಮ್ಮ ಆಜ್ಞೆ ಬೇಡದ ಹಳೆಯದಕ್ಕೆ ಸಿಕ್ಕಿಸು ಎಂದು ನನ್ನ ಹರಕು ತೆಲುಗಿನಲ್ಲಿ ಹೇಳಿದೆ. ಕ್ಯಾಮೆರಾ ಹೋಗಿದೆ, ನರ್ಸಿಗೆ ಫೋನಿನಲ್ಲೇ ಹೇಳಿ ಎನ್ನಲು ವೈದ್ಯೆಯ ಕೋಣೆಯ ಬಾಗಿಲು ತಳ್ಳಿದೆ.

ಪರದೆಯ ಮೇಲೆ ಮಗು ಇತ್ತು.

ಅದರ ತುಟಿ ನೀಲಿಗಟ್ಟಿತ್ತು. ವೈದ್ಯೆ ಮುಂದಕ್ಕೆ ಬಾಗಿ, ಟ್ಯೂಬು ಜಾರಿದೆ, ತಲೆ ಸ್ವಲ್ಪ ಎತ್ತು, ಹಾಗೇ ಹಿಡಿ ಎಂದು ಮೈಕಿನಲ್ಲಿ ಹೇಳುತ್ತಿದ್ದರು. ನರ್ಸಿನ ಕೈ ಬಂದು ಹೇಳಿದಂತೆಯೇ ತಲೆ ಎತ್ತಿತು. ಸದ್ಯ, ಸೂರಿಬಾಬು ಬೇಗ ಕೆಲಸ ಮುಗಿಸಿದ್ದಾನೆ ಅಂದುಕೊಂಡೆ.

"ಸಿಕ್ಕಿಸಿದ್ಯಾ?" ಎಂದು ಫೋನಿನಲ್ಲಿ ಕೇಳಿದೆ.

"ಇಲ್ಲ ಮೇಡಂಗಾರೂ. ಹಳೆಯದಕ್ಕೆ ಇನ್ನೂ ಕರೆಂಟೇ ಕೊಟ್ಟಿಲ್ಲ. ವೈರು ಕಿತ್ತು ಕೈಯಲ್ಲೇ ಹಿಡಿದು ನಿಂತಿದ್ದೀನಿ. ಸಿಕ್ಕಿಸಲಾ?"

ಆ ಆಸ್ಪತ್ರೆಗೆ ಬರುವುದು ಅದೊಂದೇ ವೈರು. ನನ್ನ ಕಣ್ಣೆದುರು ಮಗುವಿನ ಎದೆ ಏರಿಳಿಯುತ್ತಿತ್ತು. ಸಿಕ್ಕಿಸು ಅನ್ನಬೇಕಿತ್ತು, ಕಲಿತ ವಿದ್ಯೆ ಹೇಳುತ್ತಿದ್ದದ್ದು ಅದನ್ನೇ. ಆದರೆ ಹೇಗೋ ನಡೆಯುತ್ತಿರುವುದು ನನ್ನ ಒಂದು ಮಾತಿಗೆ ನಿಂತುಬಿಟ್ಟರೆ? ಅಷ್ಟು ಭಯ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

"ಬ್ಯಾಡ! ಏನೂ ಮುಟ್ಟಬ್ಯಾಡ!" ಎಂದು ಕನ್ನಡದಲ್ಲೇ ಕಿರುಚಿದೆ. ಅವನಿಗೆ ಅರ್ಥವಾಯಿತೋ, ನನ್ನ ದನಿಗೇ ಹೆದರಿದನೋ, ವೈರು ಹಿಡಿದೇ ನಿಂತ. ರಮಣ ಬಂದು ಬಾಗಿಲಲ್ಲಿ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

ಮಗುವಿನ ತುಟಿಗೆ ಮೆಲ್ಲಗೆ ಬಣ್ಣ ಬಂತು. ವೈದ್ಯೆ ಹಿಂದಕ್ಕೊರಗಿ, ಇನ್ನು ಪರವಾಗಿಲ್ಲ ಎಂದರು. ಆಗ ಪರದೆ ಕಪ್ಪಾಯಿತು. ಸೂರಿಬಾಬು ಹಳೆಯ ಸ್ವಿಚ್ಚಿಗೆ ಕರೆಂಟು ಕೊಟ್ಟು ವೈರು ಸಿಕ್ಕಿಸಿದ ಮೇಲಷ್ಟೇ ಚಿತ್ರ ಮರಳಿತು.

ಮರುದಿನ ನಾನೇ ಭವಾನಿಪುರಂಗೆ ಹೋಗಿ ಗೋಡೆಗೋಡೆ ತಡಕಿದೆ. ಬೇರೆ ವೈರಿಲ್ಲ, ಕ್ಯಾಮೆರಾದಲ್ಲಿ ಸಿಮ್ ಇಲ್ಲ. ಚಿತ್ರ ತಡವಾಗಿ ಬಂದಿರಬಹುದು ಎಂದರು ಗೆಳೆಯರು. ಹಾಗಾದರೆ ವೈದ್ಯೆಯ ಮಾತು ನರ್ಸಿಗೆ ಕೇಳಿಸಿದ್ದು ಹೇಗೆ? ಸೂರಿಬಾಬು ಯಾವುದೋ ಬೇರೆ ವೈರು ಕಿತ್ತಿರಬೇಕು ಎಂದು ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಆ ಕೆಂಪು ಚುಕ್ಕೆ? ಅದನ್ನು ನಾನೇ ನೋಡಿದ್ದೆನಲ್ಲ. ಪವಾಡ ಅನ್ನಲು ಇವತ್ತಿಗೂ ನನಗೆ ಬಾಯಿ ಬಾರದು. ಅಲ್ಲ ಅನ್ನಲೂ ಬಾರದು.

ಆ ಹುಡುಗಿ ಈಗ ನಮ್ಮ ಮನೆಗೆ ಬಂದರೆ ನೆಟ್ಟಗೆ ಫ್ರಿಜ್ಜಿಗೇ ಕೈ ಹಾಕುತ್ತಾಳೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಪಾಠ ಹೇಳುವುದು ನಾನು ಮತ್ತು ರಮಣ. ನಿಯಮಗಳೆಲ್ಲ ಅಳಿಸಿಹೋದರೆ ಸ್ವಿಚ್ ಏನು ಮಾಡುತ್ತದೆ ಎಂದು ಪ್ರತಿ ಸಲ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಏನೂ ಮಾಡುವುದಿಲ್ಲ, ಒಂದಕ್ಷರವನ್ನೂ ದಾಟಿಸುವುದಿಲ್ಲ ಎನ್ನುತ್ತೇನೆ. ಸರಿಯಾದ ಉತ್ತರವೇ ಅದು. ಆದರೆ ಹಾಗೆ ಹೇಳುವಾಗ ನಾನು ರಮಣನ ಮುಖ ನೋಡುವುದಿಲ್ಲ.