ಕೋಸಿನ ಪಿಕಪ್ ಇಳಿಸುವವಳು

ಫು ಥಾಪ್ ಬೆಕ್ ಬೆಟ್ಟದ ಬುಡದಲ್ಲಿ ನನ್ನ ಗ್ಯಾರೇಜು. ಮೇಲಿನಿಂದ ಇಳಿಯುವ ಕೋಸಿನ ಪಿಕಪ್ ಕಣ್ಣಿಗೆ ಬೀಳುವ ಮೊದಲೇ ಅದರ ಸುಟ್ಟ ಬ್ರೇಕಿನ ವಾಸನೆ ನನ್ನ ಮೂಗಿಗೆ ಬಂದಿರುತ್ತದೆ. ಕ್ಯಾಬಿನ್ನಿನ ಮೇಲೆ ಇನ್ನೊಂದು ಆಳೆತ್ತರ ಕೋಸು ಪೇರಿಸಿಕೊಂಡು ಬರುವ ನಮ್ಮ ಹ್ಮಾಂಗ್ ಬುಡಕಟ್ಟಿನ ಹುಡುಗರು ಚಕ್ರಕ್ಕೆ ನೀರು ಸುರಿಯುತ್ತ, "ಈ ಬ್ರೇಕ್ ಪ್ಯಾಡ್ ಎಷ್ಟು ದಿನ ಬರತ್ತೆ ಶಾಯ್?" ಎಂದು ನನ್ನ ಹೆಸರು ಹಿಡಿದು ಕೇಳುತ್ತಾರೆ. ಬಯಲಿನವರಿಗೆ ವರ್ಷಗಟ್ಟಲೆ ಬರುತ್ತದೆ. ನಿಮ್ಮ ಕಾಲನ್ನು ಕೇಳಿಕೊಳ್ಳಿ ಎನ್ನುತ್ತೇನೆ ನಾನು. ಆ ಪ್ರಶ್ನೆಯ ಮೇಲೆ ತನ್ನ ಗಾಡಿಯನ್ನೇ ಪಣಕ್ಕಿಟ್ಟವಳು ಪಾ ಚಿಯಾ ಅತ್ತಿಗೆ.

ಅವಳ ಗಂಡ ವಾ ಮೆಂಗ್ ನನ್ನ ದೊಡ್ಡಪ್ಪನ ಕಿರಿಮಗ. ಮಳೆಗಾಲದ ಮೊದಲ ಕೋಸು ಇಳಿಸುವಾಗ ಬಿದಿರು ಮೆಳೆಯ ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ. ಗಾಡಿ ಮರಕ್ಕೆ ತಾಗಿ ನಿಂತಿತು, ಅವನು ಉಳಿಯಲಿಲ್ಲ. ಹಿರಿಯರು ಮೊಟ್ಟೆ, ಕೋಳಿ ಹಿಡಿದು ತಿರುವಿಗೆ ಹೋಗಿ ಅವನ ಆತ್ಮವನ್ನು ಮನೆಗೆ ಕರೆತಂದರು. ಆ ತಿರುವಿನ ದೆವ್ವಕ್ಕೆ ಹಸಿವಾಗಿತ್ತು ಎಂದರು. ಅತ್ತಿಗೆ ಎಲ್ಲಕ್ಕೂ ತಲೆಯಾಡಿಸಿದಳು. ಆಮೇಲೆ ಒಬ್ಬಳೇ ಇಳಿದು ಬಂದು, ಎಳೆದು ತಂದಿದ್ದ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

ನಾನು ಮುಂದಿನ ಚಕ್ರ ಬಿಚ್ಚಿ ಪ್ಯಾಡ್ ತೆಗೆದು ಅವಳ ಕೈಗೆ ಕೊಟ್ಟೆ.

"ದಪ್ಪ ಇದೆಯಲ್ಲ ಶಾಯ್. ಸವೆದೇ ಇಲ್ಲ."

"ಉಗುರು ಇಟ್ಟು ಗೀರು."

ಗೀರಿದಳು. ಗಾಜಿನ ಮೇಲೆ ಜಾರಿದಂತೆ ಉಗುರು ಜಾರಿತು.

"ಕಾದೂ ಕಾದೂ ಗಟ್ಟಿಯಾಗಿಬಿಟ್ಟಿದೆ. ಬೆಟ್ಟದುದ್ದಕ್ಕೂ ಕಾಲು ಬ್ರೇಕ್ ಮೇಲೇ ಇಟ್ರೆ ಹೀಗೇ ಆಗೋದು. ನೋಡೋಕೆ ದಪ್ಪ ಇರತ್ತೆ, ಹಿಡಿಯಲ್ಲ."

ಅವಳು ಅಳಲಿಲ್ಲ. ಪ್ಯಾಡನ್ನು ಅಂಗೈಯಲ್ಲಿ ತಿರುಗಿಸಿ ನೋಡಿ, "ಈ ಗಾಡಿ ಮತ್ತೆ ಓಡತ್ತಾ?" ಎಂದಳು.

ಓಡುವಂತೆ ಮಾಡಿದೆ. ಆದರೆ ಓಡಿಸುವವರು ಯಾರೆಂದು ತೀರ್ಮಾನಿಸಲು ಕುಲದ ಗಂಡಸರು ಅವಳ ಮನೆಯಲ್ಲೇ ಸೇರಿದರು. ಗಾಡಿ ಮನೆತನದ್ದು, ಆದ್ದರಿಂದ ವಾ ಮೆಂಗ್‌ನ ಅಣ್ಣ ನ್ಯಾ ತುವಾ ಓಡಿಸಲಿ, ತಮ್ಮನ ಹೆಂಡತಿಯ ಕೋಸನ್ನೂ ಅವನೇ ಇಳಿಸಿ ಕೊಡಲಿ ಎಂಬಲ್ಲಿಗೆ ಮಾತು ಬಂದಿತ್ತು. ಒಲೆಯ ಬಳಿ ಸಾಸಿವೆ ಸೊಪ್ಪು ಬಿಡಿಸುತ್ತಿದ್ದ ಅತ್ತಿಗೆ ತಲೆ ಎತ್ತದೆ ಹೇಳಿದಳು, "ಗಾಡಿ ನಾನು ಓಡಿಸ್ತೀನಿ."

ಗಂಡಸರು ನಕ್ಕರು. ಗದ್ದೆಯಂಚಿನಲ್ಲಿ ಗಂಡ ಕಲಿಸಿದ್ದಷ್ಟೇ ಅವಳ ಚಾಲನೆ. ಸೀಟಿನ ಮೇಲೆ ಕಂಬಳಿ ಮಡಚಿ ಹಾಕದಿದ್ದರೆ ರಸ್ತೆಯೂ ಕಾಣದಷ್ಟು ಕುಳ್ಳಿ.

ನ್ಯಾ ತುವಾ, "ಹೆಂಗಸರ ಕಾಲು ಬ್ರೇಕ್ ಬಿಟ್ಟು ಏಳಲ್ಲ ತಾಯಿ. ತಿಂಗಳಿಗೊಂದು ಜೊತೆ ಪ್ಯಾಡ್ ತಿಂದು ಹಾಕ್ತೀಯ," ಎಂದ.

"ಹೊಸ ಜೊತೆ ಹಾಕಿಸಿ ಭಾವ. ಹೊಸ ವರ್ಷದ ಹಬ್ಬದವರೆಗೂ ಅದರಲ್ಲೇ ಓಡಿಸ್ತೀನಿ. ಅದಕ್ಕೆ ಮುಂಚೆ ಬದಲಾಯಿಸಿದ್ರೆ ಕೀಲಿ ನಿಮ್ಮದು."

"ಬದಲಾಯಿಸದಿದ್ರೆ?"

"ನನ್ನದು. ಆಮೇಲೆ ನನ್ನ ಹೆಣ್ಣುಮಕ್ಕಳದ್ದು."

ಕುಲದ ಹಿರಿಯ ಚೋಂಗ್ ಅಜ್ಜ ಹುಕ್ಕಾ ಕೆಳಗಿಟ್ಟು, "ಸರಿ, ಮಾತು ಆಯ್ತು," ಎಂದ.

ಮಳೆಗಾಲವಿಡೀ ಅವಳು ಕೋಸು ಇಳಿಸಿದಳು. ಬೆಟ್ಟದ ನೆತ್ತಿಯಲ್ಲೇ ಗಾಡಿಯನ್ನು ಒಂದನೇ ಗೇರಿಗೆ ಹಾಕಿದರೆ ಬುಡ ಮುಟ್ಟುವವರೆಗೂ ತೆಗೆಯುತ್ತಿರಲಿಲ್ಲ. ಇಂಜಿನ್ನೇ ಭಾರವನ್ನು ಹಿಡಿದುಕೊಂಡು ಗೊಣಗುತ್ತ ಇಳಿಯುತ್ತಿತ್ತು. ತೀರಾ ಬೇಕಾದಲ್ಲಿ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ, ಕಾಲು ತೆಗೆದು, ಚಕ್ರಕ್ಕೆ ಗಾಳಿಯಾಡಲು ಬಿಡುತ್ತಿದ್ದಳು. ಹಿಂದಿನ ಗಾಡಿಯವರು ಹಾರನ್ನು ಬಡಿದು ಬಡಿದು ಸುಸ್ತಾಗುತ್ತಿದ್ದರು. ಅವಳು ಲೋಮ್ ಕಾವ್ ಪೇಟೆಯ ತರಕಾರಿ ಮಂಡಿ ಸೇರುವಷ್ಟರಲ್ಲಿ ಒಳ್ಳೆಯ ವ್ಯಾಪಾರಿಗಳು ಎದ್ದು ಹೋಗಿರುತ್ತಿದ್ದರು. ಅದಕ್ಕೆ ಅವಳು ಎಲ್ಲರಿಗಿಂತ ಮೊದಲು ಹೊರಡತೊಡಗಿದಳೇ ಹೊರತು ಗೇರು ಬದಲಿಸಲಿಲ್ಲ.

ನನ್ನ ಅಂಗಳದಲ್ಲಿ ನೀರು ಹಿಡಿಯುವ ಹುಡುಗರು ರೇಗಿಸುತ್ತಿದ್ದರು. "ಅತ್ತಿಗೆ, ಕೋಸು ದಾರೀಲೇ ಉಪ್ಪಿನಕಾಯಿ ಆಗೋಯ್ತಂತೆ?"

"ಆಗಿದೆ. ಡಬ್ಬಿ ತಗೊಂಡು ಬಾ, ನಿಮ್ಮತ್ತೆಗೂ ಕೊಡ್ತೀನಿ."

ಹಬ್ಬಕ್ಕೆ ಇನ್ನೊಂದು ತಿಂಗಳಿರುವಾಗ ಅಕಾಲದ ಮಳೆ ಬಂತು. ಗುಡ್ಡ ಕುಸಿದು ಅರ್ಧ ರಸ್ತೆ ಹೋಯಿತು. ಅತ್ಯಂತ ಕಡಿದಾದ ಇಳಿಜಾರಿನಲ್ಲಿ ಗಾಡಿಗಳ ಸಾಲು ನಿಂತು, ಗೇಣು ಸರಿದು, ಮತ್ತೆ ನಿಂತು ಇಳಿಯಿತು. ಅಷ್ಟು ನಿಧಾನಕ್ಕೆ ಯಾವ ಗೇರೂ ಸಾಲದು. ತುಂಬಿದ ಗಾಡಿಯನ್ನು ಅವಳು ಬ್ರೇಕಿನಲ್ಲೇ ಹಿಡಿದಿಡಬೇಕಾಯಿತು. ಅವತ್ತು ಅವಳ ಗಾಡಿ ಕಾಣುವ ಮೊದಲೇ ಅದರದೂ ಸುಟ್ಟ ವಾಸನೆ ಬಂತು.

ಚಕ್ರ ಬಿಚ್ಚಿದೆ. ಪ್ಯಾಡು ಇನ್ನೂ ಒಳ್ಳೆಯ ದಪ್ಪವಿತ್ತು. ಅವಳೇ ಉಗುರು ಇಟ್ಟಳು. ಜಾರಿತು.

"ಮೇಲಿನ ಹೊಳಪು ಉಜ್ಜಿ ತೆಗೆದು ಕೊಡ್ತೀನಿ ಅತ್ತಿಗೆ," ಎಂದೆ. "ಹಬ್ಬದವರೆಗೂ ಹೆಂಗೋ ಎಳೀಬಹುದು. ದಪ್ಪ ನೋಡಿದ್ರೆ ಯಾರೂ ಕೇಳಲ್ಲ."

"ಹೊಸದು ಹಾಕು."

"ಗಾಡಿ ಹೋಗತ್ತೆ."

"ಹೋಗ್ಲಿ. ಈ ಬೆಟ್ಟಕ್ಕೆ ನನ್ನ ಮನೆಯಿಂದ ಒಬ್ಬರನ್ನ ಕೊಟ್ಟಾಯ್ತು. ಹಾಕು ಶಾಯ್."

ಅದೇ ಸಂಜೆ ಹಳೆಯ ಪ್ಯಾಡುಗಳನ್ನೂ ಕೀಲಿಯನ್ನೂ ಚೋಂಗ್ ಅಜ್ಜನ ಮುಂದಿಟ್ಟಳು. ನ್ಯಾ ತುವಾ ಒಂದು ಪ್ಯಾಡನ್ನು ಎತ್ತಿ ನೋಡಿ ಹುಬ್ಬು ಗಂಟಿಕ್ಕಿದ. "ಇಷ್ಟು ದಪ್ಪ ಇದೆ, ಯಾಕೆ ಬಿಚ್ಚಿಸಿದೆ?"

"ಉಗುರು ಇಡಿ ಭಾವ. ನಿಮ್ಮ ತಮ್ಮಂದೂ ಹೀಗೇ ಇತ್ತು."

ಅವನು ಗೀರಿ ನೋಡಿ ಪ್ಯಾಡನ್ನು ಕೆಳಗಿಟ್ಟ. ಆದರೂ ಕೀಲಿ ತೆಗೆದುಕೊಂಡ. ಆಡಿದ ಮಾತನ್ನು ಯಾರೂ ಹಿಂದಕ್ಕೆ ಪಡೆಯುವಂತಿರಲಿಲ್ಲ.

ಅತ್ತಿಗೆ ಎದ್ದು ನಿಂತಳು. "ಗಾಡಿ ನಿಮ್ಮನೇದು, ಒಪ್ಪಿದೆ. ಕೋಸು ನಾನು ನೆಟ್ಟದ್ದು. ವಾರಕ್ಕೊಂದು ಸಲ ಚಕ್ರ ಬಿಚ್ಚಿ ಪ್ಯಾಡ್ ತೋರಿಸಿ. ತೋರಿಸದಿದ್ರೆ ಒಂದು ಕೋಸೂ ಏರಿಸಲ್ಲ. ಹೊಲದಲ್ಲೇ ಕೊಳೀಲಿ."

ಮಾತಿನಂತೆಯೇ ಮಾಡಿದಳು. ಕತ್ತರಿಸಿದ ಕೋಸಿನ ರಾಶಿಯ ಮೇಲೆ ಕತ್ತಿ ಹಿಡಿದು ಕೂತುಬಿಟ್ಟಳು. ಅದನ್ನು ನೋಡಿ ನ್ಯಾ ತುವಾನ ಹೆಂಡತಿ ಯೆರ್ ಕೂಡ ಬೆನ್ನಿನ ಬುಟ್ಟಿ ಇಳಿಸಿ, "ನಂದೂ ಹಾಗೇ. ತೋರಿಸಿ, ನಾನೂ ವಿಧವೆ ಆಗೋ ಅವಸರದಲ್ಲಿಲ್ಲ," ಎಂದಳಂತೆ. ಅವನು ಬೈದುಕೊಳ್ಳುತ್ತ ಜಾಕು ಹಾಕಿದ. ಮೊದಲ ವಾರ ಪ್ಯಾಡು ಸರಿಯಿತ್ತು. ಎರಡನೆಯ ವಾರ ಗಟ್ಟಿಯಾಗಿ ಗಾಜಿನಂತೆ ಹೊಳೆಯಿತು. ಖಾಲಿ ಗಾಡಿ ತಂದು ಹೊಸದು ಹಾಕಿಸಿಕೊಂಡು ಹೋದ. ಅದೂ ಹೊಳೆದಾಗ ನನ್ನ ಮೇಲೆ ರೇಗಿದ.

"ಕಳಪೆ ಮಾಲು ಇಟ್ಕೊಂಡಿದೀಯ. ಬಯಲಿನವರಿಗೆ ಒಂದು, ಸ್ವಂತ ಅಣ್ಣಂಗೆ ಒಂದು."

"ಅತ್ತಿಗೆಗೆ ಹಾಕಿದ್ದೂ ಇದೇ ಮಾಲು ಅಣ್ಣ. ಮಳೆಗಾಲವೆಲ್ಲ ಬಂತು."

ಅವನು ಟೈರಿನ ಮೇಲೆ ಕೂತು ಬೀಡಿ ಹಚ್ಚಿದ. ಅರ್ಧ ಸೇದಿದ ಮೇಲೆ, ಬೇರೆ ಕಡೆ ನೋಡುತ್ತ ಕೇಳಿದ, "ಅವಳು ಮಾಡೋದಾದ್ರೂ ಏನು?"

"ಕಾಲು ತೆಗೀತಾಳೆ."

ಹಬ್ಬದ ಹಂದಿ ನೋಡಲು ನಾನು ಮೇಲೆ ಹೋಗಿದ್ದ ದಿನ ಅತ್ತಿಗೆಯ ಹೊಲದಲ್ಲಿ ಗಾಡಿ ತುಂಬಿ ನಿಂತಿತ್ತು. ನ್ಯಾ ತುವಾ ಹಗ್ಗ ಬಿಗಿದು, ಸುತ್ತು ಬಂದು, ಎಡಗಡೆಯ ಬಾಗಿಲು ತೆರೆದು ಹತ್ತಿ ಕೂತ.

"ಯಾಕೆ ನಿಂತಿದೀಯ? ಹತ್ತು. ಕೀಲಿ ಅದರಲ್ಲೇ ಇದೆ."

"ಇವತ್ತಿಗೆ ಮಾತ್ರಾನಾ ಭಾವ?"

"ಪ್ಯಾಡ್ ಕೊಂಡು ಕೊಂಡು ನನಗೆ ಸಾಕಾಗಿದೆ. ನೀನೇ ಇಟ್ಕೋ. ಅಜ್ಜಂಗೆ ಹೇಳಿದೀನಿ."

ಅತ್ತಿಗೆ ಕಂಬಳಿ ಮಡಚಿ ಹಾಕಿಕೊಂಡು ಹತ್ತಿದಳು. ನಾನು ಇಬ್ಬರ ನಡುವೆ ಮುದುರಿಕೊಂಡೆ. ನೆತ್ತಿಯಲ್ಲಿ ಒಂದನೇ ಗೇರು ಬಿತ್ತು. ಮಂಜಿನೊಳಗೆ ಇಂಜಿನ್ನು ಗೊಣಗುತ್ತ ಇಳಿಯಿತು. ಬಿದಿರು ಮೆಳೆಯ ತಿರುವು ಹತ್ತಿರವಾದಂತೆ ನ್ಯಾ ತುವಾನ ಬಲಗಾಲು ಎದುರಿನ ತಗಡನ್ನು ಒತ್ತತೊಡಗಿತು.

ಅತ್ತಿಗೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಅಲ್ಲಿ ಬ್ರೇಕ್ ಇಲ್ಲ ಭಾವ."

ಅವನು ಕಾಲೆತ್ತಿ, ಚಪ್ಪಲಿ ಕಳಚಿ, ತೊಡೆಯಡಿ ಮಡಚಿಕೊಂಡು ಕೂತ. ಹಿಂದೆ ಹಾರನ್ನುಗಳು ಶುರುವಾದವು.