ಪ್ಯಾಕೆಟ್ಟಿನಲ್ಲಿ ಬಂದ ನೆರಳು

ನನ್ನ ಮೈದುನ ಕಾಫಿ ಕುಡಿಯುವುದನ್ನು ಬಿಟ್ಟು ಕಾಫಿಯ ಬಗ್ಗೆ ಮಾತಾಡಲು ಶುರುಮಾಡಿದ್ದು, ಬೆಟ್ಟದ ಮೇಲಿನ ಯಾವುದೋ ತೋಟದಲ್ಲಿ ಎರಡು ರಾತ್ರಿ ಮಲಗಿ ಬಂದ ಮೇಲೆ. ಅವನು ಮಂಡ್ಯದಲ್ಲಿ ಕಚೇರಿ ಕೆಲಸದವನು. ಜೊತೆಯ ನೌಕರರೆಲ್ಲ ಸೇರಿ ಹೋಗಿದ್ದರು. ಅಂಥ ಕಡೆಯಿಂದ ಜನ ಜೇನು ತರುತ್ತಾರೆ, ಮೆಣಸು ತರುತ್ತಾರೆ. ಇವನು ಒಂದು ಖಾಕಿ ಕಾಗದದ ಪ್ಯಾಕೆಟ್ಟು ತಂದ. ಅದರ ಮೇಲೊಂದು ಮರ, ಮರದ ಮೇಲೊಂದು ಹಕ್ಕಿ, ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ನಾನು ಕೇಳದಿದ್ದರೂ ಓದಿ ಹೇಳಿದ: ನೆರಳಿನಲ್ಲಿ ಬೆಳೆದದ್ದು.

ನಮ್ಮ ಕಡೆ ಅದು ಬೈಗುಳ. ನೆರಳಿಗೆ ಸಿಕ್ಕಿದ ಕಬ್ಬು ಸೊರಗಿ ಕಡ್ಡಿಯಾಗುತ್ತದೆ, ಅಗಿದರೆ ಸಪ್ಪೆ. ಬಿಸಿಲಿಗೆ ಮೈಕೊಡದ ಗಂಡಸಿಗೂ ಅದೇ ಮಾತು ಅನ್ನುತ್ತೇವೆ. ಹಾಗಾಗಿ ಈ ಮಹಾರಾಯ ಅದನ್ನು ಹೆಮ್ಮೆಯಿಂದ ಓದಿದಾಗ ನನಗೆ ನಗು ಬಂತು. ಸೆರಗಿನಲ್ಲಿ ಬಾಯಿ ಒರೆಸಿಕೊಂಡೆ.

ಭಾನುವಾರ ಬೆಸಗರಹಳ್ಳಿ ಹತ್ತಿರದ ನಮ್ಮ ಊರಿಗೆ ಸಾಮಾನು ಸಮೇತ ಬಂದ. ಅಕ್ಕಸಾಲಿಗನ ತಕ್ಕಡಿಯಂಥದ್ದೊಂದು, ಕೊಕ್ಕರೆ ಕತ್ತಿನ ಕೆಟಲೊಂದು, ಗಾಜಿನ ಹೂಜಿ, ಅದರ ಬಾಯಿಗೆ ಕಾಗದದ ಲಾಳಿಕೆ. ಬೀಜವನ್ನು ತೂಗಿದ, ಕೈಯಲ್ಲೇ ತಿರುವಿ ಪುಡಿಮಾಡಿದ, ಆಮೇಲೆ ತುಳಸಿಗೆ ನೀರೆರೆಯುವ ಹಾಗೆ ಸುತ್ತ ಸುತ್ತ ಬಿಸಿನೀರು ಹಾಕುತ್ತ ನಿಂತ. ಅಷ್ಟರಲ್ಲಿ ನಾನು ಹಾಲು ಕರೆದು, ಡೈರಿಗೆ ಹಾಕಿ, ಕ್ಯಾನು ತೊಳೆದು ಬೋರಲು ಹಾಕಿದ್ದೆ. ಲೋಟಕ್ಕೆ ಬಂದದ್ದು ಸೀಗೆಕಾಯಿ ತೊಳೆದ ನೀರಿನ ಬಣ್ಣದ್ದು. ಕಾಸಿದ ಹಾಲು ಹಿಡಿದು ಹೋದರೆ, ಪಂಕ್ತಿಯಲ್ಲಿ ಸಾರು ಬೇಡ ಅನ್ನುವವರ ಹಾಗೆ ಲೋಟದ ಮೇಲೆ ಅಂಗೈ ಮುಚ್ಚಿದ. ಹಾಲು ಬಿದ್ದರೆ ಅದರೊಳಗಿನ ಹಣ್ಣಿನ ರುಚಿ ಹೊರಟುಹೋಗುತ್ತದಂತೆ. ಹಸು ಕಟ್ಟಿದ ಮನೆಯಲ್ಲಿ ಹುಟ್ಟಿದವನ ಮಾತು ಇದು.

ಕುಡಿದೆ. ಹುಳಿ. ಯಾವ ಹಣ್ಣು ಸಿಕ್ಕಿತು ಅಂತ ಕೇಳಿದ. ಹುಣಸೆಹಣ್ಣು ಅಂದೆ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ, ನಮ್ಮ ಅತ್ತಿಗೆ ನಾಲಿಗೆ ಬಹಳ ಸೂಕ್ಷ್ಮ ಅಂತ ಅಲ್ಲೇ ಯಾರಿಗೋ ಫೋನು ಮಾಡಿ ಹೇಳಿದ.

ಆಮೇಲೆ ಆ ತೋಟದ ವರ್ಣನೆ. ಅಲ್ಲಿ ಮರ ಕಡಿಯುವುದಿಲ್ಲವಂತೆ. ಮರದಡಿ ಹಣ್ಣು ನಿಧಾನವಾಗಿ ಮಾಗುತ್ತದಂತೆ. ಹಕ್ಕಿಗಳು ಬಂದು ಕೂರುತ್ತವಂತೆ. ನಮ್ಮ ಜನಕ್ಕೆ ನೆರಳಿನ ಬೆಲೆ ಗೊತ್ತಿಲ್ಲ ಅಂತ ಮುಗಿಸಿದ. ನನ್ನ ಗಂಡ ಪಾಪ, ಎಲ್ಲದಕ್ಕೂ ತಲೆಯಾಡಿಸಿದರು.

ಅಣ್ಣತಮ್ಮ ಇಬ್ಬರೂ ಗದ್ದೆಯ ಕಡೆ ಹೋಗಿ ಬಂದರು. ಊಟಕ್ಕೆ ಕೂತು ಮುದ್ದೆ ಮುರಿಯುತ್ತ ಮೈದುನ ವಿಷಯ ತೆಗೆದ. ಭಾಗವಾದಾಗ ನಡುವಿನ ಬದು ಇಬ್ಬರಿಗೂ ಸೇರಿ ಉಳಿದಿತ್ತು. ಆ ಬದುವಿನ ಮೇಲೊಂದು ಹೊಂಗೆ ಮರ. ಅದರ ನೆರಳು ಅವನ ಭಾಗಕ್ಕೇ ಹೆಚ್ಚು ಬೀಳುತ್ತದೆ, ಬಿದ್ದ ಕಡೆ ಕಬ್ಬು ಎದ್ದಿಲ್ಲ. ಅದು ನಿಜ, ಸುಳ್ಳು ಹೇಳಬಾರದು.

“ಆ ಮರ ಮಡಿಕೊಂಡು ಏನ್ ಮಾಡೀಯಣ್ಣ, ತೆಗ್ಸಾಕ್ಬುಡಾವ. ಮಳವಳ್ಳಿಯೋರು ಮಿಸನ್ನು ತತ್ತಾರೆ, ಮದ್ಯಾನದೊತ್ಗೆ ಮುಗುದೋಯ್ತದೆ.”

“ಬುಡು, ನೋಡಾವ” ಅಂದರು ನನ್ನ ಗಂಡ. ಇಲ್ಲ ಅನ್ನುವ ಮಾತು ಅವರ ಬಾಯಿಗೆ ಭಾರ. ಅವರು ನೋಡಾವ ಅಂದರೆ ಮುಕ್ಕಾಲು ಒಪ್ಪಿದ ಹಾಗೆ.

ನಾನು ಸುಮ್ಮನಿರಲಿಲ್ಲ. “ಅಕ್ಕಿ ಕೂರಕ್ಕೆ ಮರ ಬೇಕು ಅಂತಿದ್ದಲ್ಲಪ್ಪ ಬೆಳಿಗ್ಗೆ?”

“ಅದು ಕಾಪಿ ತ್ವಾಟ ಅತ್ಗೆ, ಇದು ಕಬ್ಬಿನ್ ಗದ್ದೆ” ಅಂದ, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ.

ಆ ಮರವಿಲ್ಲದಿದ್ದರೆ ನಾಲೆಯವರೆಗೂ ಒಂದು ಹಿಡಿ ನೆರಳಿಲ್ಲ. ಮಧ್ಯಾಹ್ನ ನನ್ನ ಹಸುಗಳನ್ನು ಕಟ್ಟುವುದು ಅಲ್ಲಿ. ಕಳೆ ಕೀಳುವ ಹೆಂಗಸರು ಬುತ್ತಿ ಬಿಚ್ಚಿ, ಉಂಡು, ಒಂದು ಗಳಿಗೆ ಬೆನ್ನು ಚಾಚುವುದು ಅಲ್ಲಿ. ಭತ್ತದ ಸಸಿಮಡಿಗೆ ಗೊಬ್ಬರವಾಗಿ ತುಳಿಯುವ ಸೊಪ್ಪು ಅದರದ್ದು. ಇದಕ್ಕೆಲ್ಲ ಪ್ಯಾಕೆಟ್ಟು ಮಾಡಿ, ಮೇಲೊಂದು ಹಕ್ಕಿ ಬರೆದಿಲ್ಲ, ಅಷ್ಟೆ.

ಮುಂದಿನ ವಾರ ಫೋನು ಬಂತು. ಅವನ ಕಾಫಿ ಸ್ನೇಹಿತರಿಗೆ ಹಳ್ಳಿ ನೋಡಬೇಕಂತೆ, ಭಾನುವಾರ ಕರೆತರುತ್ತಾನಂತೆ; ಮರ ಕಡಿಯುವ ಮಳವಳ್ಳಿಯವರನ್ನೂ ಅದರ ಮಾರನೆಯ ದಿನಕ್ಕೇ ಗೊತ್ತುಮಾಡಿದ್ದಾನಂತೆ. ಸರಿ, ಬರಲಿ ಅಂದೆ.

ಆ ದಿನ ನಮ್ಮ ನಡುಮನೆಯಲ್ಲಿ ಚಾಪೆ ಹಾಸಲಿಲ್ಲ. ಶೀಟಿನ ಮಾಡು, ಕಾದರೆ ರೊಟ್ಟಿ ಬೇಯುತ್ತದೆ, ಕರೆಂಟೂ ಇರಲಿಲ್ಲ. ಹೊಂಗೆಯ ಬುಡ ಗುಡಿಸಿ, ನೀರು ಚಿಮುಕಿಸಿ, ಅಲ್ಲಿ ಹಾಸಿದೆ. ಮರ ಹೂಬಿಟ್ಟಿತ್ತು. ಬಂದವರ ತಲೆಯ ಮೇಲೆ, ಗಾಜಿನ ಹೂಜಿಯ ಮೇಲೆ, ಮಂಡಕ್ಕಿ ಚೆಲ್ಲಿದ ಹಾಗೆ ಹೂ ಉದುರುತ್ತಿತ್ತು. ಕೂತವರೆಲ್ಲ ಏನು ತಂಪು, ಏನು ತಂಪು ಅಂದರು. ನೆರಳನ್ನು ಅಂದೇ ಕಂಡುಹಿಡಿದವರ ಹಾಗೆ. ಕಪ್ಪು ಕನ್ನಡಕದ ಹೆಂಗಸೊಬ್ಬರು ಮರದ ಫೋಟೊ ತೆಗೆದರು, ಹಸುವಿನದ್ದು ತೆಗೆದರು, ಕೊನೆಗೆ ಸಗಣಿಯನ್ನೂ ಬಿಡಲಿಲ್ಲ. ಇಂಥ ಮರ ಉಳಿಸಿಕೊಂಡಿದ್ದೀರಲ್ಲ ಅಂತ ನನ್ನನ್ನು ಹೊಗಳಿದರು.

“ಎಲ್ಲಿ ಉಳ್ಸುದ್ವಿ ಕಣಮ್ಮ, ನಾಳೀಕೆ ಕಡೀತಾರೆ” ಅಂದೆ. “ನೆಳ್ಳು ಜಾಸ್ತಿಯಾಯ್ತಂತೆ.”

ಆಕೆ ಕನ್ನಡಕ ತೆಗೆದರು. “ಯಾರಂತೆ ಕಡಿಯೋರು?”

ನನ್ನ ಗಂಡ ನಾಲೆಯ ಕಡೆ ನೋಡಿದರು. ನಾನು ಮೈದುನನ ಕಡೆ ನೋಡಿದೆ. ಕೊಕ್ಕರೆ ಕತ್ತಿನ ಕೆಟಲಿನಿಂದ ನೀರು ಲಾಳಿಕೆ ಬಿಟ್ಟು ಚಾಪೆಯ ಮೇಲೆ ಬೀಳುತ್ತಿತ್ತು.

“ಯಾರೋ ಕೇಳ್ಕೊಂಡು ಬಂದಿದ್ರು” ಅಂದ, ಮಂಡ್ಯದ ಕಚೇರಿ ಭಾಷೆಯಲ್ಲಿ. “ನಾನಿರೋವರ್ಗೂ ಬಿಡ್ತೀನಾ?”

ಎಲ್ಲರೂ ಭೇಷ್ ಅಂದರು. ಅವನು ನನಗೊಂದು ಲೋಟ ಕೊಟ್ಟ. ಅಷ್ಟು ಜನರ ಮುಂದೆ, ಹಾಲಿಲ್ಲದೆ, ಬೆಲ್ಲವಿಲ್ಲದೆ, ಮುಖ ಕಿವುಚದೆ ಅಷ್ಟನ್ನೂ ಕುಡಿದೆ.

ಮಳವಳ್ಳಿಯವರು ಬರಲಿಲ್ಲ. ಮೈದುನನ ಫೋನಿನಲ್ಲಿ ಮನೆದೇವರ ಪಟವಿದ್ದ ಜಾಗದಲ್ಲಿ ಈಗ ಹೊಂಗೆ ಮರವಿದೆ. ಅದನ್ನು ತಾನು ಹೇಗೆ ಉಳಿಸಿದೆ ಅಂತ ನಮಗೇ ಹೇಳುತ್ತಾನೆ. ಊರಿಗೆ ಬಂದಾಗ ಏಳದ ಕಬ್ಬಿನ ಸಾಲನ್ನೊಮ್ಮೆ, ಮರವನ್ನೊಮ್ಮೆ ನೋಡಿ ಉಗುಳು ನುಂಗುವುದೂ ಉಂಟು.

ಅವನು ಬಿಟ್ಟುಹೋದ ಪ್ಯಾಕೆಟ್ಟನ್ನು ನಾನು ಮಿಕ್ಸಿಗೆ ಹಾಕಿದೆ. ಒಂದು ಹಿಡಿ ಚಿಕೋರಿ ಸೇರಿಸಿ, ಗಟ್ಟಿ ಹಾಲು ಹೊಯ್ದು, ಒಲೆಯಿಂದ ಇಳಿಸಿದ ಮೇಲೆ ಬೆಲ್ಲ ಹಾಕಿ — ಮೊದಲೇ ಹಾಕಿದರೆ ಹಾಲು ಒಡೆಯುತ್ತದೆ — ಕಳೆಯವರಿಗೆ ಮರದಡಿಗೆ ಒಯ್ದೆ. ಅವರಲ್ಲಿ ಹಿರಿಯಳು ಒಂದು ಗುಟುಕು ಕುಡಿದು ಹುಬ್ಬು ಗಂಟಿಕ್ಕಿದಳು.

“ಇದ್ಯಾವ ಪುಡಿ ಕಣಕ್ಕ? ಇಷ್ಟು ಬೆಲ್ಲ ಆಕುದ್ರೂವೆ ಒಸಿ ಉಳಿ.”

“ನೆಳ್ಳಲ್ಲಿ ಬೆಳ್ದಿದ್ದಂತೆ ಕಣವ್ವ.”

“ಅದ್ಕೇ ಮತ್ತೆ” ಅಂದು ಲೋಟ ಬರಿದು ಮಾಡಿ, ಸೆರಗು ಮುಖಕ್ಕೆಳೆದುಕೊಂಡು, ಹೊಂಗೆಯಡಿ ಮಲಗಿದಳು.